ಉಪ್ಪಿನಲ್ಲಿಯೇ ಬಾಳುವ ಜೀವಿಗಳು



ಉಪ್ಪು ಹಾಕಿದ ಪದಾರ್ಥ ಕೆಡದೆಂದು ನಾವೆಲ್ಲ ನಂಬಿದ್ದೇವೆ. ಆದರೂ ಮಳೆಗಾಲಕ್ಕೆಂದು ಉಪ್ಪು ಹಾಕಿ ಕಟ್ಟಿಟ್ಟ ಮೀನಿನ ಮೇಲೆ ಒಮ್ಮೊಮ್ಮೆ ನಸುಗೆಂಪು ಲೋಳೆ ಕಟ್ಟಿ ದುರ್ವಾಸನೆ ಬರುವುದುಂಟು. ಉಪ್ಪು ಹಚ್ಚಿದ ಹಸಿ ತೊಗಲೂ ಹೀಗೆಯೇ ಕೆಂಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಮತ್ತಷ್ಟು ಉಪ್ಪು ಸುರಿದರೆ ಇದು ನಿಲ್ಲದು. ಈ ಕೆಂಪನ್ನು ತರುವ ಜೀವಿಗಳಿಗೆ ಉಪ್ಪೇ ಮನೆ.

ಇವು ಕಣ್ಣಿಗೆ ಕಾಣದಷ್ಟು ಸಣ್ಣವು. ಆರ್ಕಿಯಾ ಎಂಬ ಕುಲಕ್ಕೆ ಸೇರಿದವು. ಈ ಕುಲವು ಬ್ಯಾಕ್ಟೀರಿಯಾಕ್ಕಿಂತ ಬೇರೆಯೆಂದು 1977ರಲ್ಲಿ ಅಮೆರಿಕದ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು.

ಇವು ಉಪ್ಪನ್ನು ತಾಳುವುದು ಹೇಗೆ? ಮಾವಿನ ಹೋಳಿಗೆ ಉಪ್ಪು ಬೆರೆಸಿದರೆ ನೀರು ಬಿಡುವುದಲ್ಲವೇ? ಸಾಮಾನ್ಯ ಜೀವಿಯ ಮೈಯ ನೀರನ್ನೂ ಉಪ್ಪು ಹಾಗೆಯೇ ಹೊರಗೆಳೆಯುತ್ತದೆ. ಇವಾದರೋ ಪೊಟ್ಯಾಸಿಯಂ ಲವಣವನ್ನು ಒಳಗೆ ತುಂಬಿಕೊಂಡು ಒಳಗನ್ನೂ ಹೊರಗನ್ನೂ ಸರಿತೂಗಿಸುತ್ತವೆ. ಆದ್ದರಿಂದ ಸಿಹಿನೀರಿಗೆ ಬಿದ್ದರೆ ಹೆಚ್ಚಿನವು ಒಡೆದು ಸಾಯುತ್ತವೆ.

ಮಲೆನಾಡಿಗೆ ಒಂದು ಬೆಳೆ, ಬಯಲುಸೀಮೆಗೆ ಇನ್ನೊಂದು ಬೆಳೆ ಇರುವಂತೆ ಇವುಗಳಲ್ಲಿಯೂ ನೆಲೆಗೊಂದು ಬಗೆ. ಮೃತ ಸಮುದ್ರದಲ್ಲಿ ಮೆಗ್ನೀಸಿಯಂ ತಾಳುವ ಬಗೆ. ಕೀನ್ಯದ ಮಗಾಡಿ ಸರೋವರದಲ್ಲಿ ಸೋಡಾ ಒಗ್ಗಿದ ಬಗೆ. ಸೈನಾಯ್ ಪ್ರದೇಶದ ಉಪ್ಪುನೀರಿನಲ್ಲಿ 1980ರಲ್ಲಿ ಚೌಕಾಕಾರದ ಬಗೆಯೇ ಕಂಡುಬಂತು. ಇವುಗಳ ಪೂರ್ವಿಕರು ಗಾಳಿಯಿಲ್ಲದ ಕಡೆ ಮೀಥೇನ್ ಅನಿಲ ಉಂಟುಮಾಡುತ್ತಿದ್ದ ಜೀವಿಗಳೆಂದೂ, ಬ್ಯಾಕ್ಟೀರಿಯಾಗಳಿಂದ ಅನೇಕ ಗುಣಗಳನ್ನು ಪಡೆದು ಈಗಿನ ಬಾಳಿಗೆ ಬಂದವೆಂದೂ ವಿಜ್ಞಾನಿಗಳ ಅಭಿಪ್ರಾಯ.

ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಮಾಡುವಂತೆ, ಸಮುದ್ರದ ನೀರನ್ನು ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುವುದು ತಮಗೆ ಗೊತ್ತೇ ಇದೆ. ಇಂಥ ಆಗರಗಳಲ್ಲಿ ಉಪ್ಪು ಹರಳುಗಟ್ಟುವ ಹೊತ್ತಿಗೆ ನೀರು ಕೆಂಪಾಗುವುದು ಬಹುಮಟ್ಟಿಗೆ ಈ ಜೀವಿಗಳಿಂದಲೇ. ಹರಳಿನೊಳಗಿನ ಹನಿನೀರಿನಲ್ಲಿ ಅಡಗಿ ಇವು ನಮ್ಮ ಮನೆಗೂ ಬರುತ್ತವೆ. ಊಟದ ಉಪ್ಪಿನಲ್ಲಿದ್ದರೆ ಭಯವಿಲ್ಲ. ಆದರೆ ಮೀನಿನ ಮೇಲೆ ತೇವವೂ ಸೆಕೆಯೂ ಸೇರಿದರೆ ಹೆಚ್ಚುತ್ತವೆ.

ಆದಕಾರಣ ಹೀಗೆ ಮಾಡಿರಿ:

1. ಮೀನಿಗೆ ಶುಚಿಯಾದ, ಒಣಗಿದ ಉಪ್ಪನ್ನೇ ಬಳಸಿರಿ. ಒಮ್ಮೆ ಬಳಸಿದ ಉಪ್ಪನ್ನು ಮತ್ತೆ ಹಾಕಬೇಡಿರಿ.

2. ಪಾತ್ರೆ, ಹಲಗೆ, ಬುಟ್ಟಿಗಳನ್ನು ಪ್ರತಿ ಸಲವೂ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗಿಡಿರಿ. ಸಮುದ್ರದ ನೀರಿನಲ್ಲಿ ತೊಳೆದರೆ ಸಾಲದು.

3. ಮೀನನ್ನು ಪೂರ್ತಿ ಒಣಗಿಸಿ, ತಂಪಾದ, ತೇವವಿಲ್ಲದ ಜಾಗದಲ್ಲಿ ಕಟ್ಟಿಡಿರಿ.

4. ಕೆಂಪಾದುದನ್ನು ಕೂಡಲೇ ಬೇರ್ಪಡಿಸಿರಿ. ತಿನ್ನಲೂ ಬೇಡ, ಮಾರಲೂ ಬೇಡ.

ಉಪ್ಪಿಗೆ ಹೆದರದ ಈ ಜೀವಿ ಒಂದು ಕೊಡ ಸಿಹಿನೀರಿಗೆ ಹೆದರುತ್ತದೆ. ಈ ಮಾತು ನೆನಪಿದ್ದರೆ ವರ್ಷದ ದುಡಿಮೆ ಹಾಳಾಗದು.