ಜವಾರಿ ಕೋಳಿ, ನವಿಲ ಮರಿ

ಮಳೆಗಾಲದಲ್ಲಿ ಮುಧೋಳದ ಕಬ್ಬು ಆಳೆತ್ತರ ನಿಂತಿರುತ್ತದೆ. ದನಕ್ಕೆ ಹುಲ್ಲು ಕೊಯ್ಯುವವಳ ಕುಡುಗೋಲು ಬದುವಿಗೆ ತಾಗಿದ್ದೇ ತಡ, ಹೆಣ್ಣುನವಿಲು ಭರ್ರನೆ ಎದ್ದು ಹೋಗುತ್ತದೆ. ಒಣ ರವದಿಯ ತಗ್ಗಿನಲ್ಲಿ ಕೆನೆಬಣ್ಣದ ನಾಲ್ಕೈದು ತತ್ತಿ, ಇನ್ನೂ ಬೆಚ್ಚಗೆ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಹೊಲಗಳಲ್ಲೂ ಹೀಗೇ. "ನಾಯಿ, ಮುಂಗಲಿ ಬಿಡೂದಿಲ್ಲ ತಗೀರಿ" ಎಂಬ ಕನಿಕರದಲ್ಲೇ ತತ್ತಿ ಸೆರಗು ಸೇರುತ್ತದೆ. ಸೇರಬಾರದು. 1963ರಿಂದ ರಾಷ್ಟ್ರಪಕ್ಷಿಯಾಗಿರುವ ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ತತ್ತಿ ಎತ್ತುವುದೂ ಅಪರಾಧ. ಆ ಒಂದು ತುಂಡು ಹುಲ್ಲು ಬಿಟ್ಟು ಆಚೆ ಸರಿದರೆ ತಾಯಿ ಎಷ್ಟೋ ಸಲ ತಿರುಗಿ ಬರುತ್ತದೆ.

ಆದರೂ ಕೆಲವು ಕಾವಿಗೆ ಕೂತ ಜವಾರಿ ಕೋಳಿಯ ಬುಟ್ಟಿ ಸೇರುತ್ತವೆ. ಕೋಳಿಯ ತತ್ತಿಗೆ 21 ದಿನ ಸಾಕು, ನವಿಲಿನದಕ್ಕೆ ಸುಮಾರು 28. ಬಲ್ಲವರು ವಾರ ತಡೆದೇ ಕೋಳಿಯ ತತ್ತಿ ಜೊತೆಗಿಡುತ್ತಾರೆ. ದಪ್ಪ ತತ್ತಿಯನ್ನು ಹೊರಳಿಸುವುದು ಕೋಳಿಗೆ ಕಷ್ಟ. ಅದು ನೀರಿಗೆ ಎದ್ದಾಗ ಮನೆಯವರೇ ಮೆಲ್ಲಗೆ ತಿರುವಿಡಬೇಕು. ಕಡೆಗೊಂದು ಬೆಳಗ್ಗೆ ಚಿಪ್ಪಿನೊಳಗಿಂದ ಸಣ್ಣ ಚೀರು ಕೇಳುತ್ತದೆ, ಒಂದು ಕಡೆ ಬಿರುಕು ಕಾಣುತ್ತದೆ. ಅವಸರಕ್ಕೆ ಸುಲಿದರೆ ಒಳಪೊರೆಯಲ್ಲಿ ನೆತ್ತರು ಒಡೆದು ಮರಿ ಉಳಿಯುವುದಿಲ್ಲ.

ಹೊರಬಂದ ಕಂದು ಮರಿಯ ರೆಕ್ಕೆಯಲ್ಲಿ ಆಗಲೇ ಗರಿ. ಕೋಳಿಮರಿಗಳು ತಾಯಿ ಕೆದರಿದ ನೆಲದಲ್ಲಿ ನುಚ್ಚು ಹೆಕ್ಕುತ್ತವೆ. ನವಿಲ ಮರಿ ಮಾತ್ರ ಸಾಕುತಾಯಿಯ ಕೊಕ್ಕನ್ನೇ ನೋಡುತ್ತ ನಿಲ್ಲುತ್ತದೆ. ಅದರ ಕುಲದಲ್ಲಿ ಮೊದಲ ತುತ್ತು ಬರುವುದು ತಾಯಿಯ ಕೊಕ್ಕಿನಿಂದ. ಮುಂದೆ ಗೆದ್ದಲು ಕೊಡವಿದರೆ, ಹರಿದಾಡುವುದನ್ನು ಕಂಡು ತಾನೇ ಕುಕ್ಕುತ್ತದೆ. ಕೆಲವೇ ದಿನಗಳಲ್ಲಿ ಸಂಜೆಯ ಪೇಚು ಶುರು: ಮರಿ ಬೇವಿನ ಟೊಂಗೆಗೆ ಹಾರುತ್ತದೆ, ಕೋಳಿ ಬುಟ್ಟಿಯ ಬಳಿ ನಿಂತು ಕೊಕ್ ಕೊಕ್ ಎಂದು ಕರೆಯುತ್ತಲೇ ಇರುತ್ತದೆ.

ಕೋಳಿ ಸಾಕಿದ ಮರಿಯಲ್ಲಿ ಕಾಡು ಅಷ್ಟಿಷ್ಟು ಉಳಿದಿರುತ್ತದೆ. ಬಲ್ಬಿನ ಬಿಸಿಯಲ್ಲಿ, ಮನುಷ್ಯರ ಬೆರಳಿನಿಂದ ತಿಂದು ಬೆಳೆದದ್ದು ಮಕ್ಕಳ ಹಿಂದೆ ಓಡುತ್ತದೆ. ಹುಟ್ಟುತ್ತಲೇ ಕಂಡವರ ಬೆನ್ನು ಹತ್ತುವ ಈ ಗುಣವನ್ನು ಆಸ್ಟ್ರಿಯದ ಕೊನ್ರಾಡ್ ಲೊರೆಂಟ್ಸ್ ಹೆಬ್ಬಾತುಗಳಲ್ಲಿ ತೋರಿಸಿಕೊಟ್ಟಿದ್ದರು. ನೋಡುವವರಿಗೆ ಅದು ಚಂದ. ನನಗೆ ಮಾತ್ರ ಸಂಕಟ. ಮನೆಯ ನಾಯಿಯ ಜೊತೆ ಬೆಳೆದ ನವಿಲು ಹೊಲದ ನಾಯಿಗೂ ಹೆದರುವುದಿಲ್ಲ. 2016ರಲ್ಲಿ ಚಿಂಕಾರಕ್ಕೆಂದು ವನ್ಯಧಾಮವಾದ ಯಡಹಳ್ಳಿಯ ಕುರುಚಲಿಗೆ ಒಯ್ದು ಬಿಟ್ಟರೂ ಅದು ಹುಡುಕುವುದು ಮನೆಯಂಗಳವನ್ನೇ. ಮರಿ ಈಗಾಗಲೇ ಅಂಗಳದಲ್ಲಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಅವರು ಬರುವವರೆಗೆ ಎತ್ತಿ ಮುದ್ದಾಡದೆ ಕೋಳಿಯ ಹಿಂದೆಯೇ ಓಡಾಡಲು ಬಿಡಬೇಕು.