ಜಾಕ್‌ನ ಅಡಿಹಲಗೆ: ಆಯ್ಕೆ ಮತ್ತು ಬಳಕೆ

ಅಡುಗೆ, ನಿದ್ರೆ, ಸ್ನಾನಗಳಿಗೆ ಅನುಕೂಲವುಳ್ಳ, ಚಲಿಸುವ ಮನೆಯಂತಹ ವಾಹನವನ್ನು ಕ್ಯಾರವಾನ್ ಎಂದು ಕರೆಯಲಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ವಾಹನ ಈಗ ಭಾರತದಲ್ಲಿಯೂ ಪರಿಚಿತವಾಗುತ್ತಿದೆ. ಮಹಾರಾಷ್ಟ್ರ ಮತ್ತು ಕೇರಳ ಸರ್ಕಾರಗಳು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕಾಗಿ ಪ್ರತ್ಯೇಕ ನೀತಿಗಳನ್ನು ಪ್ರಕಟಿಸಿದವು. ಇಂತಹ ವಾಹನ ತಂಗುವ ಸ್ಥಳ ಯಾವಾಗಲೂ ಸಮತಟ್ಟಾಗಿರುವುದಿಲ್ಲ. ನೆಲ ಓರೆಯಾಗಿದ್ದರೆ ಮಲಗುವುದು ಕಷ್ಟ. ಒಲೆಯ ಮೇಲಿನ ಪಾತ್ರೆ ಜಾರುತ್ತದೆ. ನೀರು ಸರಿಯಾಗಿ ಹರಿದುಹೋಗುವುದಿಲ್ಲ. ಆದುದರಿಂದ ವಾಹನದ ನಾಲ್ಕು ಮೂಲೆಗಳಲ್ಲಿ ಜಾಕ್‌ಗಳನ್ನು ಇಳಿಸಿ ಅದನ್ನು ಸಮಸ್ಥಿತಿಗೆ ತರಲಾಗುತ್ತದೆ. ಜಾಕ್ ಎಷ್ಟೇ ಬಲವಾಗಿದ್ದರೂ ಅದು ಊರಿ ನಿಂತ ನೆಲ ಕುಸಿದರೆ ಪ್ರಯೋಜನವಿಲ್ಲ. ಇದನ್ನು ತಡೆಯುವ ಸರಳ ಸಾಧನವೇ ಅಡಿಹಲಗೆ.

ಭಾರ ಮತ್ತು ಒತ್ತಡ

ಭಾರ ಒಂದೇ ಆಗಿದ್ದರೂ ಅದನ್ನು ಹೊರುವ ಜಾಗ ಕಿರಿದಾದಷ್ಟೂ ನೆಲದ ಮೇಲಿನ ಒತ್ತಡ ಹೆಚ್ಚುತ್ತದೆ. ಒಂದು ಜಾಕ್ 1,500 ಕಿಲೋಗ್ರಾಂ ಭಾರ ಹೊತ್ತಿದೆ ಎಂದು ಭಾವಿಸೋಣ. ಅದರ ಪಾದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲವಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಒತ್ತಡ 15 ಕಿಲೋಗ್ರಾಂ. ಕಾರಿನ ಚಕ್ರ ನೆಲದ ಮೇಲೆ ಹಾಕುವ ಒತ್ತಡ ಅದರ ಗಾಳಿಯ ಒತ್ತಡಕ್ಕೆ ಹೆಚ್ಚುಕಡಿಮೆ ಸಮ. ಅಂದರೆ ಸುಮಾರು 2 ಕಿಲೋಗ್ರಾಂ. ಚಕ್ರಗಳ ಮೇಲೆ ನಿಶ್ಚಿಂತೆಯಿಂದ ನಿಂತ ವಾಹನ ಜಾಕ್‌ಗಳ ಮೇಲೆ ನಿಂತೊಡನೆ ಮಣ್ಣಿನಲ್ಲಿ ಹೂತುಕೊಳ್ಳುವುದಕ್ಕೆ ಇದೇ ಕಾರಣ. ಪಾದದ ಅಡಿಗೆ 30 ಸೆಂ.ಮೀ. ಚೌಕದ ಗಟ್ಟಿ ಹಲಗೆಯನ್ನಿಟ್ಟರೆ ಭಾರ 900 ಚದರ ಸೆಂಟಿಮೀಟರಿಗೆ ಹಂಚಿಕೆಯಾಗಿ, ಒತ್ತಡ 1.7 ಕಿಲೋಗ್ರಾಂಗೆ ಇಳಿಯುತ್ತದೆ.

ಹಲಗೆ ಅಗಲವಾಗಿದ್ದರೆ ಸಾಲದು, ದಪ್ಪವಾಗಿಯೂ ಇರಬೇಕು. ತೆಳುವಾದ ಹಲಗೆ ನಡುವೆ ಬಾಗುವುದರಿಂದ ಭಾರ ಅಂಚಿನವರೆಗೆ ತಲುಪುವುದಿಲ್ಲ. ಹಲಗೆಯ ದಪ್ಪ ಎಷ್ಟಿದೆಯೋ ಪಾದದ ಪ್ರತಿ ಬದಿಗೂ ಸುಮಾರು ಅಷ್ಟೇ ದೂರ ಭಾರ ಹರಡುತ್ತದೆ ಎಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಈ ಪ್ರಕಾರ ಮೇಲಿನ ಉದಾಹರಣೆಗೆ 10 ಸೆಂ.ಮೀ. ದಪ್ಪ ಬೇಕಾಗುತ್ತದೆ.

ನೆಲದ ಗುಣ

ದಖನ್ ಪ್ರಸ್ಥಭೂಮಿಯ ಎರೆಮಣ್ಣು ಒಣಗಿದಾಗ ಕಲ್ಲಿನಂತೆ ಬಿಗಿಯಾಗಿರುತ್ತದೆ. ನೀರು ಹೀರಿದಾಗ ಉಬ್ಬಿ ಮೆದುವಾಗುತ್ತದೆ. ಸಂಜೆ ಭದ್ರವಾಗಿದ್ದ ನೆಲ ರಾತ್ರಿಯ ಮಳೆಗೆ ಸಡಿಲವಾಗಬಹುದು. ಕಡಲತೀರದ ಮರಳು ಪಕ್ಕಕ್ಕೆ ಸರಿಯುತ್ತದೆ. ಡಾಂಬರು ಕೂಡ ಬೇಸಿಗೆಯ ಬಿಸಿಲಿಗೆ ಮೆತ್ತಗಾಗುವುದರಿಂದ ಜಾಕ್‌ನ ಪಾದ ಅದರಲ್ಲಿ ಗುಳಿ ಮಾಡುತ್ತದೆ. ಸಿಮೆಂಟ್ ನೆಲದಲ್ಲಿ ಕುಸಿತದ ಭಯ ಕಡಿಮೆ. ಅಲ್ಲಿ ಜಾರುವಿಕೆಯೇ ಮುಖ್ಯ ಅಪಾಯ.

ಯಾವ ಹಲಗೆ ಸೂಕ್ತ?

ಗಂಟು, ಬಿರುಕುಗಳಿಲ್ಲದ ಗಟ್ಟಿಮರದ ಹಲಗೆ ಸುಲಭವಾಗಿ ದೊರೆಯುವ ಉತ್ತಮ ಸಾಧನ. 5 ಸೆಂ.ಮೀ. ದಪ್ಪದ ಹಲಗೆಗಳನ್ನು ಎಳೆಗಳು ಅಡ್ಡಡ್ಡ ಬರುವಂತೆ ಎರಡು ಪದರಗಳಲ್ಲಿ ಜೋಡಿಸಿ ಬಿಗಿದರೆ ಸೀಳುವ ಸಂಭವ ಕಡಿಮೆ. ಮರ ಮುರಿಯುವ ಮುನ್ನ ಸಾಮಾನ್ಯವಾಗಿ ಸದ್ದು ಮಾಡಿ ಸೂಚನೆ ಕೊಡುವುದು ಅದರ ಇನ್ನೊಂದು ಗುಣ. ಆದರೆ ನೀರು ಕುಡಿದು ಕೊಳೆತ ಹಲಗೆಯನ್ನು ಬಳಸಬಾರದು. ಗಟ್ಟಿ ಪ್ಲಾಸ್ಟಿಕ್‌ನ ಸಿದ್ಧ ಹಲಗೆಗಳು ಹಗುರ, ಕೊಳೆಯುವುದಿಲ್ಲ. ಅವುಗಳ ಮೇಲೆ ನಮೂದಿಸಿದ ಭಾರಮಿತಿಯನ್ನು ನೋಡಿಕೊಳ್ಳಬೇಕು. ರಬ್ಬರ್ ಹಾಳೆ ಜಾರುವುದನ್ನು ತಡೆಯುತ್ತದೆಯೇ ಹೊರತು, ಮೆದುವಾದುದರಿಂದ ಭಾರವನ್ನು ಹಂಚುವುದಿಲ್ಲ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಮತ್ತು ಒಂದರ ಮೇಲೊಂದು ಪೇರಿಸಿದ ಕಲ್ಲುಗಳನ್ನು ಎಂದಿಗೂ ಇಡಬಾರದು. ಅವು ಯಾವ ಸೂಚನೆಯನ್ನೂ ನೀಡದೆ ಒಮ್ಮೆಲೇ ಒಡೆಯಬಹುದು ಇಲ್ಲವೆ ಉರುಳಬಹುದು.

ಬಳಸುವ ಕ್ರಮ

ಮೊದಲು ವಾಹನದ ಹ್ಯಾಂಡ್ ಬ್ರೇಕ್ ಹಾಕಿ ಚಕ್ರಗಳಿಗೆ ಅಡೆ ಕೊಡಬೇಕು. ನೆಲದ ಜಲ್ಲಿ, ಹುಲ್ಲು ತೆಗೆದು, ಹಲಗೆ ಅಲುಗಾಡದಂತೆ ಇಟ್ಟು, ಜಾಕ್‌ನ ಪಾದ ಅದರ ನಟ್ಟನಡುವೆ ಬರುವಂತೆ ಇಳಿಸಬೇಕು. ಸಮತಟ್ಟು ಮಾಡುವ ಭರದಲ್ಲಿ ಚಕ್ರಗಳನ್ನು ನೆಲದಿಂದ ಪೂರ್ತಿ ಎತ್ತಬಾರದು. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಅವೇ ಮೇಲೆದ್ದರೆ ವಾಹನವನ್ನು ತಡೆಯುವ ಬಲ ಇಲ್ಲವಾಗುತ್ತದೆ. ಮಳೆ ಬಂದ ನಂತರ ಪ್ರತಿ ಹಲಗೆಯನ್ನೂ ಪುನಃ ಪರೀಕ್ಷಿಸುವುದು ಅವಶ್ಯ. ಭಾರವಿರುವಾಗ ಹಲಗೆಯನ್ನು ಸರಿಪಡಿಸಲು ಅದರಡಿಗೆ ಕೈ ಹಾಕಬಾರದು.

ಈ ನಿಯಮಗಳು ಕ್ಯಾರವಾನ್‌ಗೆ ಮಾತ್ರ ಸೀಮಿತವಲ್ಲ. ರಸ್ತೆಬದಿಯಲ್ಲಿ ಚಕ್ರ ಬದಲಾಯಿಸುವ ಕಾರು, ಲಾರಿಗಳ ಚಾಲಕರೂ ಒಂದು ಗಟ್ಟಿ ಹಲಗೆಯನ್ನು ಸ್ಟೆಪ್ನಿಯ ಜೊತೆಗೆ ಇಟ್ಟುಕೊಳ್ಳುವುದು ಒಳಿತು. ಆದರೆ ಒಂದು ಮಾತನ್ನು ಮರೆಯಬಾರದು: ಹಲಗೆ ಎಷ್ಟೇ ಉತ್ತಮವಾಗಿದ್ದರೂ, ಕೇವಲ ಜಾಕ್‌ನ ಆಧಾರದಲ್ಲಿ ನಿಂತ ವಾಹನದ ಅಡಿಗೆ ಯಾರೂ ಹೋಗಬಾರದು. ದುರಸ್ತಿಗೆ ಹೋಗಲೇಬೇಕಾದಾಗ ವಾಹನದ ಭಾರವನ್ನು ಗಟ್ಟಿ ನೆಲದ ಮೇಲಿಟ್ಟ ಸ್ಟ್ಯಾಂಡ್‌ಗಳಿಗೆ ವರ್ಗಾಯಿಸಬೇಕು. ಎತ್ತುವುದಷ್ಟೇ ಜಾಕ್‌ನ ಕೆಲಸ; ಅಡಿಯಲ್ಲಿರುವವರ ಪ್ರಾಣವನ್ನು ಅದಕ್ಕೆ ಒಪ್ಪಿಸಬಾರದು.