ಟಗರು ಮರಿಗೆ ಯಾವ ಹಿಂಡಿ?

ಬಕ್ರೀದಿಗೆಂದು ಟಗರು ಮರಿ ಕಟ್ಟಿ ಮೇಯಿಸುತ್ತಿದ್ದೀರಾ? ಬರೀ ಮೆಕ್ಕೆಜೋಳ ಸುರಿದರೆ ಕೊಬ್ಬು ಕೂಡುತ್ತದೆ, ಮಾಂಸ ತುಂಬುವುದಿಲ್ಲ. ಬೆಳೆಯುವ ಮರಿ ತಿನ್ನುವ ಒಟ್ಟು ಮೇವಿನಲ್ಲಿ, ನೀರಿನಂಶ ಬಿಟ್ಟು ಲೆಕ್ಕ ಹಾಕಿದರೆ, ಶೇಕಡಾ 14ರಿಂದ 16ರಷ್ಟು ಪ್ರೋಟೀನ್ ಇರಬೇಕು.

ನಮ್ಮ ಕಡೆ ಮೊದಲು ನೆನಪಾಗುವುದು ಶೇಂಗಾ ಹಿಂಡಿ. ಪ್ರೋಟೀನ್ ಶೇಕಡಾ 40ರ ಆಸುಪಾಸು. ಆದರೆ ಬೂಷ್ಟು ಹಿಡಿದ ಹಿಂಡಿಯನ್ನು ದಯವಿಟ್ಟು ಹಾಕಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಮರಿಯ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಸೋಯಾ ಹಿಂಡಿ ಒಳ್ಳೆಯದು, ದರ ನೋಡಿಕೊಳ್ಳಿ. ಹತ್ತಿಕಾಳು ಹಿಂಡಿ ಎಳೆ ಮರಿಗೆ ಬೇಡ.

ಇನ್ನು ಯೂರಿಯಾ. ಅದು ಪ್ರೋಟೀನೇ ಅಲ್ಲ. ದೊಡ್ಡ ಕುರಿಯ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರ ಸಾರಜನಕದಿಂದ ಪ್ರೋಟೀನ್ ಕಟ್ಟುತ್ತವೆ, ಮುಂದೆ ಆ ಜೀವಿಗಳೇ ಕುರಿಗೆ ಆಹಾರ. ಎಳೆ ಮರಿಯಲ್ಲಿ ಆ ಹೊಟ್ಟೆ ಇನ್ನೂ ಬಲಿತಿರುವುದಿಲ್ಲ. ಅಳತೆ ತಪ್ಪಿದರೆ ದೊಡ್ಡ ಕುರಿಯೂ ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಖರ್ಚು ತಗ್ಗಿಸಬೇಕೇ? ಕುದುರೆ ಮೆಂತ್ಯ, ಬದುವಿನ ಅಗಸೆ ಸೊಪ್ಪು, ಒಣಗಿಸಿಟ್ಟ ಶೇಂಗಾ ಬಳ್ಳಿ ಇವೆಯಲ್ಲ! ಹಿಂಡಿ, ಕಾಳನ್ನು ಒಂದೇ ದಿನ ಹೆಚ್ಚಿಸಬೇಡಿ, ಎರಡು ವಾರ ತೆಗೆದುಕೊಳ್ಳಿ. ಅದಕ್ಕೂ ಮೊದಲು ಪಶು ಆಸ್ಪತ್ರೆಯಲ್ಲಿ ಕರುಳುಬೇನೆ ಲಸಿಕೆ ಹಾಕಿಸಿ.